ಹೊಳಪು ಹಚ್ಚದ ಹದಿನಾಲ್ಕು ಬಟ್ಟಲು

ಜೂನ್ ೩

ಪ್ರೀತಿಯ ಗುಬ್ಬಿ,

ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ಎಂದು ಶುರುಮಾಡಬೇಕು ಅಂತ ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರ್ ಕಲಿಸಿದ್ದರು. ಅದು ರಜೆ ಅರ್ಜಿಗೋ ಮಗಳಿಗೆ ಬರೆಯುವ ಪತ್ರಕ್ಕೋ ಅನ್ನುವುದು ಮಾತ್ರ ಮರೆತುಹೋಗಿದೆ. ಫೋನಿನಲ್ಲಿ ನಾನು ಭಟ್ಟಿಯ ವಿಷಯ ಎತ್ತಿದರೆ ಹತ್ತು ನಿಮಿಷಕ್ಕೆ ನನ್ನ ಹಳೆಯ ಬಸ್ ನಿಲ್ದಾಣದ ಕೆಲಸದ ಕಥೆಗೆ ಹೋಗಿ ಮುಟ್ಟಿರುತ್ತೇನೆ. "ಅಪ್ಪಾ, ಕೇಳೋದನ್ನ ಬರೆದು ಕಳ್ಸಿ, ನಾನೂ ಬರೆದೇ ಹೇಳ್ತೀನಿ" ಅಂದವಳು ನೀನೇ. ಸರಿ, ಬರೆದಿದ್ದೇನೆ. ಅನುಭವಿಸು.

ವಿಷಯ ಏನೆಂದರೆ, ನಿಮ್ಮಮ್ಮ ಮಾಡಿಟ್ಟ ಮಣ್ಣಿನ ಬಟ್ಟಲುಗಳಿಗೆ ಗ್ಲೇಜ್, ಅಂದರೆ ಆ ಹೊಳಪಿನ ಲೇಪ, ಹಚ್ಚಿ ಸುಡಬೇಕು ಎಂದು ತೀರ್ಮಾನ ಮಾಡಿದ್ದೇನೆ. ಅವಳು ಹೋಗಿ ಏಳು ತಿಂಗಳಾಯಿತು. ಹಿಂದಿನ ಕೋಣೆಯ ಬಾಗಿಲು ತೆಗೆದದ್ದು ಮೊನ್ನೆ. ಭಟ್ಟಿ ಹಾಗೇ ಇದೆ, ಮುಚ್ಚಳದ ಮೇಲೆ ಒಂದು ಬೆರಳು ಧೂಳು. ಬಟ್ಟಲುಗಳನ್ನು ಎಣಿಸಿದೆ, ಹದಿನಾಲ್ಕು. ಒಂದು ಸಲ ಸುಟ್ಟಾಗಿದೆ, ಹೊಳಪಿಲ್ಲ, ಹೂಕುಂಡದ ಬಣ್ಣಕ್ಕೆ ಸ್ವಲ್ಪ ಸುಣ್ಣ ಕಲಸಿದ ಹಾಗಿವೆ. ಉಗುರಿನಿಂದ ತಟ್ಟಿದರೆ ಟಣ್ ಅನ್ನುತ್ತವೆ. ಒಂದಕ್ಕೆ ನಾಲಿಗೆ ತಾಗಿಸಿ ನೋಡಿದೆ. ಯಾಕೆ ಅಂತ ಕೇಳಬೇಡ. ನಾಲಿಗೆ ಅಂಟಿಕೊಂಡುಬಿಟ್ಟಿತು. ಎದುರುಮನೆ ಟೈಲರ್ ಆ ಹೊತ್ತಿಗೇ ಒಳಗೆ ಬರಬೇಕೆ! "ಏನ್ ಸಾರ್, ಇಷ್ಟು ಬೇಗ ಪಾತ್ರೆ ತಿನ್ನೋ ಕಾಲ ಬಂತಾ?" ಅಂದ.

"ಇವಕ್ಕೆ ಅಪ್ಪನೇ ಹಚ್ಚಲಿ" ಅಂತ ಅವಳು ಕೊನೆಗೆ ನಿನ್ನ ಹತ್ತಿರ ಹೇಳಿದ್ದಳಲ್ಲ. ನನಗೆ ಯಾಕೆ ಹೇಳಲಿಲ್ಲವೋ. ಬಹುಶಃ ನಾನು ಮಾತು ನಿಲ್ಲಿಸಲಿ ಎಂದು ಕಾಯುತ್ತಿದ್ದಳೇನೋ. ಅದೊಂದು ಮಾತು ಇರುವುದರಿಂದ ನನಗೆ ಬೆಳಿಗ್ಗೆ ಏಳುವುದಕ್ಕೆ ಒಂದು ಕಾರಣ ಸಿಕ್ಕಿದೆ.

ಈಗ ಪ್ರಶ್ನೆ. ಮೂರು ಬಕೆಟ್ ಇವೆ. ಬಿಳಿ, ಹಸಿರು, ನೀಲಿ ಎಂದು ಚೀಟಿ ಅಂಟಿಸಿದ್ದಾಳೆ. ನೀಲಿ ಅಂತ ಬರೆದದ್ದರ ಒಳಗೆ ಮಾಸಿದ ಗುಲಾಬಿ ಬಣ್ಣದ ಗಾರೆ ಇದೆ, ಗಟ್ಟಿಯಾಗಿದೆ. ಚೀಟಿ ತಪ್ಪಾ, ನನ್ನ ಕಣ್ಣು ತಪ್ಪಾ? ಕೈಂಡ್ಲಿ ಡು ದಿ ನೀಡ್‌ಫುಲ್.

ನಿನ್ನ ವಿಧೇಯ ವಿದ್ಯಾರ್ಥಿ,
ಅಪ್ಪ

ಜೂನ್ ೧೧

ಅಪ್ಪಾ,

ಪತ್ರವನ್ನು ಲ್ಯಾಬಿನಲ್ಲಿ ಓದಿ ಒಬ್ಬಳೇ ನಗುತ್ತಿದ್ದೆ. ಪಕ್ಕದ ಟೇಬಲ್ಲಿನವಳು ಯಾರದೋ ದವಡೆ ಹಲ್ಲು ಕೈಯಲ್ಲಿ ಹಿಡಿದುಕೊಂಡು ಬಂದು ಏನಾಯಿತು ಅಂತ ಕೇಳಿದಳು. ನಾವು ಇಲ್ಲಿ ಕೃತಕ ಹಲ್ಲಿಗೆ ಮಾಡುವುದೂ ಇದೇ ಕೆಲಸ. ಭಟ್ಟಿ ಮುಷ್ಟಿಯಷ್ಟು, ಹಲ್ಲು ಕಡಲೆಯಷ್ಟು, ತಪ್ಪು ಮಾಡಿದರೆ ಬೈಗುಳ ಮಾತ್ರ ನಿಮ್ಮ ಭಟ್ಟಿಯಷ್ಟು.

ಚೀಟಿ ಸರಿಯಾಗಿಯೇ ಇದೆ. ಹಸಿ ಗ್ಲೇಜಿನ ಬಣ್ಣ ನಂಬಬೇಡಿ. ಸುಟ್ಟು ಹೊರಗೆ ಬಂದ ಮೇಲೆ ಏನಿರುತ್ತದೋ ಅದೇ ಬಣ್ಣ. ಆ ಗುಲಾಬಿಯೇ ಗಾಢ ನೀಲಿಯಾಗುತ್ತದೆ.

ಗಟ್ಟಿಯಾದದ್ದಕ್ಕೆ ನೀರು ಹಾಕಿ ಒಂದು ದಿನ ಬಿಡಿ. ಆಮೇಲೆ ಕಲಸಿ ಎರಡು ಸಲ ಜರಡಿ ಹಿಡಿಯಿರಿ. ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಿ, ಒಣಗಿದ ಪುಡಿ ಎದೆಗೆ ಒಳ್ಳೆಯದಲ್ಲ. ಹದ ಹಾಲಿನ ಕೆನೆಯ ಹಾಗಿರಬೇಕು. ಬೆರಳು ಅದ್ದಿ ತೆಗೆದರೆ ಉಗುರಿನ ಅಂಚು ಕಾಣಬೇಕು, ಉಗುರು ಕಾಣಬಾರದು. ಪಾತ್ರೆಯನ್ನು ಒದ್ದೆ ಸ್ಪಂಜಿನಲ್ಲಿ ಒರೆಸಿ ಒಣಗಲು ಬಿಟ್ಟು ಆಮೇಲೆ ಅದ್ದಿ. ಧೂಳಿದ್ದರೆ ಗ್ಲೇಜ್ ಅಲ್ಲಲ್ಲಿ ಸರಿದುಕೊಂಡು ಬೋಳಾಗುತ್ತದೆ. ಅದ್ದಿ ಮೂರು ಎಣಿಸಿ ಎತ್ತಿ. ನೀವು ಎಣಿಸುವಾಗ ನಡುವೆ ಕಥೆ ಹೇಳಬಾರದು.

ಎಲ್ಲಕ್ಕಿಂತ ಮುಖ್ಯ, ಪಾತ್ರೆಯ ತಳ. ತಳಕ್ಕೆ ಹತ್ತಿದ ಗ್ಲೇಜನ್ನು ಪೂರ್ತಿ ಒರೆಸಿಬಿಡಬೇಕು. ಗ್ಲೇಜ್ ಅಂದರೆ ಕರಗಿದ ಗಾಜು. ತಳದಲ್ಲಿ ಉಳಿದರೆ ಭಟ್ಟಿಯೊಳಗಿನ ಶೆಲ್ಫಿಗೆ ಅಂಟಿ ಕೂರುತ್ತದೆ.

ಮೊದಲೇ ಅಮ್ಮನ ಬಟ್ಟಲು ಮುಟ್ಟಬೇಡಿ. ಕೆಳಗಿನ ಪೆಟ್ಟಿಗೆಯಲ್ಲಿ ಸೊಟ್ಟ ಟೀ ಕಪ್ಪುಗಳಿವೆ, ನಾನು ಕಲಿಯುವಾಗ ಮಾಡಿದ್ದು. ಅವುಗಳ ಮೇಲೆ ಕೈ ಪಳಗಿಸಿಕೊಳ್ಳಿ.

ನಿಮ್ಮ ಗುಬ್ಬಿ

ಜೂನ್ ೨೭

ಗುಬ್ಬೀ,

ರಿಸಲ್ಟ್ ಬಂತು. ಫೇಲ್.

ಆರು ಕಪ್ಪು ಅದ್ದಿದೆ. ಮೂರು ಎಣಿಸಿದೆ. ಕಥೆ ಹೇಳಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ತಳವನ್ನೂ ಒರೆಸಿದೆ. ಆದರೆ ಒರೆಸಿದ ಮೇಲೆ ಪೇಪರಿನ ಮೇಲೆ ಇಡುವ ಬದಲು ಎಲ್ಲಿ ಇಟ್ಟೆ ಗೊತ್ತಾ? ಗ್ಲೇಜ್ ಚೆಲ್ಲಿದ್ದ ಅದೇ ಹಲಗೆಯ ಮೇಲೆ. ತಳ ಮತ್ತೆ ತನಗೆ ಬೇಕಾದ್ದನ್ನು ಕುಡಿದುಕೊಂಡಿತು. ಮೂರು ಕಪ್ಪು ಶೆಲ್ಫನ್ನು ಅಪ್ಪಿಕೊಂಡು ಕೂತಿವೆ, ಸುತ್ತಿಗೆ ತೋರಿಸಿದರೂ ಏಳುತ್ತಿಲ್ಲ. ನಿಲ್ದಾಣದಲ್ಲಿ ಕೊನೆ ಬಸ್ ತಪ್ಪಿದವರು ಬೆಂಚು ಬಿಟ್ಟು ಏಳುತ್ತಿರಲಿಲ್ಲವಲ್ಲ, ಹಾಗೆ.

ಇನ್ನೊಂದು ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ. ಮುಚ್ಚಳ ಬೇಗ ತೆಗೆದೆ. ಮೀಟರಿನಲ್ಲಿ ಇನ್ನೂರ ಮೂವತ್ತು ಡಿಗ್ರಿ ಇತ್ತು. ಒಂದು ಸಾವಿರದ ಇನ್ನೂರರಿಂದ ಇಳಿದು ಬಂದದ್ದಕ್ಕೆ ಇನ್ನೂರು ಏನು ಮಹಾ ಅನಿಸಿತು. ಒಂದು ಅಂಗೈಯಷ್ಟು ಎತ್ತಿ ಇಣುಕಿದೆ. ಒಳಗಿನಿಂದ ಪಿಂಗ್, ಪಿಂಗ್ ಎಂದು ಸದ್ದು. ನನಗೆ ಸ್ವಾಗತ ಹೇಳುತ್ತಿವೆ ಅಂದುಕೊಂಡೆ. ಬಿರುಕು ಬಿಡುತ್ತಿದ್ದವಂತೆ! ಟೈಲರ್ ಹೇಳಿದ. ಅವನಿಗೆ ಹೇಗೆ ಗೊತ್ತು ಅಂತ ನನಗೆ ಗೊತ್ತಿಲ್ಲ.

ಆದರೆ ಒಂದು ಕಪ್ಪು, ಒಂದೇ ಒಂದು, ಅಂಟದೆ, ಬಿರುಕು ಬಿಡದೆ ನೀಲಿ ಬಂದಿದೆ. ಮಾಸಿದ ಗುಲಾಬಿ ಒಳಗೆ ಹೋಗಿ ಆ ನೀಲಿ ಹೊರಗೆ ಬಂತಲ್ಲ, ಅದನ್ನು ಹಿಡಿದುಕೊಂಡು ಇಡೀ ಬೀದಿ ಸುತ್ತಿದೆ. ಹಾಲಿನವನಿಗೆ, ಔಷಧದ ಅಂಗಡಿಯವನಿಗೆ, ಪಾಪ, ಬೀಗದ ಕೈ ಮರೆತು ಹೊರಗೆ ನಿಂತಿದ್ದ ಮೂಲೆಮನೆ ಹೆಂಗಸಿಗೂ ತೋರಿಸಿದೆ.

ಶೆಲ್ಫ್ ಏನು ಭಾರ ಮಾರಾಯ್ತಿ! ಬಗ್ಗಿ ಭಟ್ಟಿಯ ತಳಕ್ಕೆ ಇಳಿಸುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ನಿಮ್ಮಮ್ಮ ಹೇಗೆ ಇಡುತ್ತಿದ್ದಳು? ಟ್ರಿಕ್ ಏನಾದರೂ ಇದ್ದರೆ ಹೇಳು.

ಒನ್ಸ್ ಅಗೇನ್ ನಿನ್ನ ವಿಧೇಯ,
ಅಪ್ಪ

ಜುಲೈ ೬

ಅಪ್ಪಾ,

ಮೊದಲನೆಯ ಸಲಕ್ಕೆ ಒಂದು ನೀಲಿ ಕಪ್ಪು ಅಂದರೆ ಪಾಸೇ. ಲ್ಯಾಬಿನಲ್ಲಿ ನನ್ನ ಮೊದಲ ಹಲ್ಲು ಟ್ರೇಗೆ ಅಂಟಿಕೊಂಡಿತ್ತು.

ಶೆಲ್ಫಿಗೆ ಬಿಳಿ ಲೇಪದ ಪುಡಿ ಇದೆ, ನೀರಿನಲ್ಲಿ ಕಲಸಿ ಎರಡು ಸಲ ಬಳಿಯಿರಿ. ಆಗ ಏನಾದರೂ ಅಂಟಿದರೂ ಉಳಿಯಿಂದ ಎಬ್ಬಿಸಬಹುದು. ಪಾತ್ರೆಗೂ ಪಾತ್ರೆಗೂ ನಡುವೆ ಒಂದು ಬೆರಳು ಜಾಗ ಬಿಡಿ. ಮೀಟರನ್ನೊಂದೇ ನಂಬಬೇಡಿ. ಸಣ್ಣ ಮಣ್ಣಿನ ಕೋನ್‌ಗಳು ಡಬ್ಬಿಯಲ್ಲಿವೆ, ಒಂದನ್ನು ಕಿಂಡಿಗೆ ಎದುರಾಗಿ ನಿಲ್ಲಿಸಿ. ಅದು ಬಾಗಿ ತಲೆ ನೆಲ ಮುಟ್ಟಿದರೆ ಶಾಖ ಸಾಕು ಎಂದು ಅರ್ಥ. ನೋಡುವಾಗ ಕಪ್ಪು ಕನ್ನಡಕ ಹಾಕಿಕೊಳ್ಳಿ. ಆರಿಸಿದ ಮೇಲೆ ಮಾರನೆಯ ದಿನದವರೆಗೆ ಮುಚ್ಚಳ ಮುಟ್ಟಬೇಡಿ. ಬರಿ ಕೈಗೆ ತಡೆಯುವಷ್ಟಾದ ಮೇಲೆ ತೆಗೆಯಿರಿ.

ಶೆಲ್ಫನ್ನು ಒಬ್ಬರೇ ಎತ್ತಬೇಡಿ. ಟೈಲರ್ ಅಂಕಲ್‌ರನ್ನು ಕರೆಯಿರಿ. ಅಮ್ಮನೂ ಹೋದ ವರ್ಷ ಮಾರ್ಚಿನ ಮೇಲೆ ಎತ್ತುತ್ತಿರಲಿಲ್ಲ, ನಾನು ಬಂದ ಭಾನುವಾರವೇ ತುಂಬಿಸುತ್ತಿದ್ದೆವು. ಗ್ಲೇಜನ್ನೂ ಸ್ಟೂಲಿನ ಮೇಲೆ ಕೂತು ಹಚ್ಚಿ, ಡಾಕ್ಟರ್ ಅವಳಿಗೆ ಹೇಳಿದ್ದ ಹಾಗೆ ಹತ್ತು ನಿಮಿಷಕ್ಕೊಮ್ಮೆ ಕೈ ಕೆಳಗಿಳಿಸಿ. ಸೊಂಟ ಉಳಿಯುತ್ತದೆ.

ಎಷ್ಟು ಗಂಟೆಗೆ ಎಷ್ಟು ಶಾಖ ಏರಿಸಬೇಕು ಅನ್ನುವುದಕ್ಕೆ ಉದ್ದನೆಯ ನೋಟ್‌ಬುಕ್ ನೋಡಿ, ಭಟ್ಟಿಯ ಹಿಂದೆ ಮೊಳೆಗೆ ನೇತು ಹಾಕಿದೆ. ಏಪ್ರಿಲ್ ಇಪ್ಪತ್ತರದ್ದನ್ನು ಅನುಸರಿಸಿ. ಅಷ್ಟು ಚೆನ್ನಾಗಿ ಬಂದದ್ದು ಬೇರೆ ಯಾವುದೂ ಇಲ್ಲ.

ನಿಮ್ಮ ಗುಬ್ಬಿ

ಜುಲೈ ೧೪

ಮಗಳೇ,

ನೋಟ್‌ಬುಕ್ ಸಿಕ್ಕಿತು.

ಹೋದ ವರ್ಷದ ಫೆಬ್ರವರಿವರೆಗೆ ನಿಮ್ಮಮ್ಮನ ಅಕ್ಷರ, ಬಲಕ್ಕೆ ವಾಲಿದ್ದು. ಮಾರ್ಚ್ ಒಂಬತ್ತರಿಂದ ನಿನ್ನ ಅಕ್ಷರ, ದುಂಡಗೆ. "ಅಮ್ಮ ಸ್ಟೂಲಿನ ಮೇಲೆ. ಕೆಳಗಿನ ಶೆಲ್ಫ್ ನಾನಿಟ್ಟೆ." ನೀನು ಹೇಳಿದ ಏಪ್ರಿಲ್ ಇಪ್ಪತ್ತನ್ನೂ ಓದಿದೆ. ಗಂಟೆ, ಶಾಖ ಎಲ್ಲ ಅಚ್ಚುಕಟ್ಟಾಗಿದೆ. ಅದರ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಹೀಗಿದೆ: "ಅಮ್ಮ ಮಾತ್ರೆ ತಗೊಂಡು ಮಲಗಿದ್ದಾಳೆ. ಆರಕ್ಕೆ ಅಪ್ಪ ಬರೋದರೊಳಗೆ ಎಬ್ಬಿಸಬೇಕು."

ನಿಮ್ಮಮ್ಮನನ್ನು ನಾವು ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ಅಕ್ಟೋಬರ್ ಆರಕ್ಕೆ. ನೀನು, ನಾನು, ಅವಳು. ಆಗಲೇ ಗೊತ್ತಾಯಿತು ಅಂತ ಮೂವರೂ ಬೆಂಚಿನ ಮೇಲೆ ಕೂತು ಅತ್ತೆವು.

ಏಪ್ರಿಲ್ಲಿನಲ್ಲಿ ಅದು ಯಾವ ಮಾತ್ರೆ? ಕೈ ಕೆಳಗಿಳಿಸು ಅಂದ ಡಾಕ್ಟರ್ ಯಾರು?

ಅಪ್ಪ

ಆಗಸ್ಟ್ ೨

ಮಗಳೇ,

ಹತ್ತೊಂಬತ್ತು ದಿನವಾಯಿತು. ಅಂಚೆಯವನು ಗೇಟಿನ ಹತ್ತಿರ ನನ್ನನ್ನು ನೋಡಿ ಸೈಕಲ್ ನಿಧಾನ ಮಾಡುವುದನ್ನೂ ಬಿಟ್ಟಿದ್ದಾನೆ. ಫೋನ್ ಎತ್ತಿದರೆ "ಬರೀತಿದೀನಿ ಅಪ್ಪಾ" ಅನ್ನುತ್ತೀಯ. ಹಲ್ಲಿಗೆ ಇಷ್ಟು ದಿನ ತೆಗೆದುಕೊಂಡರೆ ಜನ ಏನು ತಿನ್ನಬೇಕು?

ಅಪ್ಪ

ಆಗಸ್ಟ್ ೨೦

ಅಪ್ಪಾ,

ಎಷ್ಟು ಹಾಳೆ ಹರಿದು ಹಾಕಿದೆನೋ ಲೆಕ್ಕವಿಲ್ಲ. ನೇರವಾಗಿ ಹೇಳಿಬಿಡುತ್ತೇನೆ.

ಫೆಬ್ರವರಿ ಎಂಟಕ್ಕೆ ಗೊತ್ತಾಯಿತು. ಅಮ್ಮ ಎರಡು ದಿನ ನನ್ನ ಮನೆಯಲ್ಲಿ ಇದ್ದು ಬರುತ್ತೇನೆ ಅಂತ ನಿಮಗೆ ಹೇಳಿ ಬಂದಿದ್ದಳಲ್ಲ, ಆಗ. ತೋಳು ಎತ್ತಿದರೆ ನೋವು ಅಂತ ಅವಳೇ ಹೇಳಿದಳು, ನಾನೇ ಇಲ್ಲಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆಪರೇಷನ್ನಿಗೆ ಆಗಲೇ ತಡವಾಗಿತ್ತು. ಒಂದು ವರ್ಷ ಅಂದರು. ಅಷ್ಟೂ ಸಿಗಲಿಲ್ಲ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಅಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದಳು. ಅವಳು ಅಂದ ಹಾಗೇ ಬರೆಯುತ್ತೇನೆ, ಇನ್ನು ಮೇಲೆ ನಿಮ್ಮ ಹತ್ತಿರ ಏನನ್ನೂ ತಿದ್ದಿ ಹೇಳುವುದಿಲ್ಲ. "ನಿಮ್ಮಪ್ಪಂಗೆ ಹೇಳೋದೂ ಒಂದೇ, ಮೈಕಲ್ಲಿ ಕೂಗೋದೂ ಒಂದೇ. ಅವರ ಹೊಟ್ಟೇಲಿ ಮಾತು ನಿಲ್ಲಲ್ಲ ಕಣೇ. ನಾಳೆ ಬೆಳಿಗ್ಗೆಗೆ ಬೀದಿಯೆಲ್ಲ ನನ್ನ ನೋಡೋಕೆ ಬರುತ್ತೆ. ಹಣ್ಣು ತರ್ತಾರೆ, ಅಯ್ಯೋ ಪಾಪ ಅಂತಾರೆ. ನಂಗೆ ಪಾತ್ರೆ ಮಾಡ್ಬೇಕು. ಮನೇಲಿ ಒಬ್ಬರಾದ್ರೂ ನನ್ನ ಮೊದಲಿನ ಹಾಗೇ ನೋಡ್ಲಿ."

ನಾನು ಜಗಳ ಮಾಡಿದೆ ಅಪ್ಪಾ. ತಿಂಗಳಿಗೆ ಎರಡು ಸಲ ಬಸ್ಸಿನಲ್ಲಿ ಬರುವಾಗ ಇವತ್ತು ಹೇಳಿಯೇ ತೀರುತ್ತೇನೆ ಅಂದುಕೊಂಡು ಬರುತ್ತಿದ್ದೆ. ನೀವು ಗೇಟಿನ ಹತ್ತಿರವೇ ಸಿಕ್ಕಿ ಯಾವುದೋ ಕಂಡಕ್ಟರ್ ಕಥೆ ಶುರುಮಾಡುತ್ತಿದ್ದಿರಿ. ಒಳಗಿನಿಂದ ಅಮ್ಮ ನಗುವುದು ಕೇಳುತ್ತಿತ್ತು. ಅದನ್ನು ನಿಲ್ಲಿಸುವ ಧೈರ್ಯ ನನಗೆ ಬರಲಿಲ್ಲ.

ನೋಟ್‌ಬುಕ್ ನೋಡಿ ಅಂತ ನಾನೇ ಬರೆದೆ. ಬರೆಯುವಾಗ ನನ್ನ ಕಣ್ಣಿಗೆ ಕಂಡದ್ದು ಭಟ್ಟಿ ಮಾತ್ರ. ಯಾವ ಸಲ ಗ್ಲೇಜ್ ಚೆನ್ನಾಗಿ ಬಂತು ಅನ್ನುವುದಷ್ಟೇ ತಲೆಯಲ್ಲಿತ್ತು. ಅಂಚಿನಲ್ಲಿ ಏನು ಗೀಚಿದ್ದೆ ಅನ್ನುವುದು ನೆನಪೇ ಇರಲಿಲ್ಲ.

ತಪ್ಪಾಯಿತು.

ಗುಬ್ಬಿ

ಸೆಪ್ಟೆಂಬರ್ ೧

ಮಗಳೇ,

ಮೊದಲಿನ ಹಾಗೇ ನೋಡಲಿ ಅಂದಳಂತೆ. ನೋಡಿದೆನಲ್ಲ! ಮೊದಲಿನ ಹಾಗೆ ಅಂದರೆ ಏನು ಅಂತ ನಿಮಗಿಬ್ಬರಿಗೂ ಗೊತ್ತಿತ್ತು. ಟೀ ತಣ್ಣಗಾಯಿತು ಅಂತ ಗೊಣಗುವುದು, ಅಂಗಿಗೆ ಗುಂಡಿ ಇಲ್ಲ ಅಂತ ಕೂಗುವುದು, ನಾಲ್ಕು ಸಲ ಕರೆದ ಮೇಲೆ ಒಂದು ಸಲ ಓಗೊಡುವುದು. ಫೆಬ್ರವರಿಯಿಂದ ಅಕ್ಟೋಬರಿನವರೆಗೆ, ಆ ಎಂಟು ತಿಂಗಳು ನಾನು ಅದನ್ನೆಲ್ಲ ಒಂದೂ ಬಿಡದೆ ಮಾಡಿದೆ. ನನಗೆ ತಿಳಿಯದೆ ನಾನು ಮಾಡಿದೆ, ತಿಳಿದೂ ನೀವು ಮಾಡಗೊಟ್ಟಿರಿ.

ಮೇ ತಿಂಗಳ ಆ ಭಾನುವಾರ ನಿನಗೆ ನೆನಪಿದೆಯೋ ಇಲ್ಲವೋ. ನೆನಪಿಲ್ಲದಿದ್ದರೆ ನೋಟ್‌ಬುಕ್ಕಿನಲ್ಲಿದೆ, ಹದಿನೆಂಟನೆಯ ತಾರೀಖು. ನಾನು ಗೇಟಿನ ಹತ್ತಿರ ಟೈಲರನಿಗೆ ಡ್ರೈವರನನ್ನು ಬಿಟ್ಟು ಹೊರಟ ಬಸ್ಸಿನ ಕಥೆ ಹೇಳುತ್ತಿದ್ದೆ. ಅವಳು ಹಿಂದಿನ ಕೋಣೆಯಿಂದ ಕರೆದಳು. "ರೀ, ಒಂದ್ಸಲ ಬನ್ರೀ, ಈ ಶೆಲ್ಫ್ ಇಟ್ಟುಕೊಡಿ." ಬಂದೆ ಬಂದೆ ಅಂದೆ. ಮತ್ತೆ ಕರೆದಳು. ಬಸ್ ಇನ್ನೂ ಇಳಿಜಾರಿನಲ್ಲಿತ್ತು, ಕಥೆಯನ್ನು ಹೇಗೆ ಬಿಟ್ಟು ಬರಲಿ? ಅರ್ಧ ಗಂಟೆಯ ಮೇಲೆ ಒಳಗೆ ಹೋದರೆ ಸ್ಟೂಲಿನ ಮೇಲೆ ಕೂತಿದ್ದಾಳೆ, ಬೆರಳ ಮೇಲೆ ಗ್ಲೇಜ್ ಒಣಗಿ ಬಿಳಿಚಿಕೊಂಡಿದೆ. ನೀನು ಬಾಗಿಲಿಗೆ ಒರಗಿ ನಿಂತಿದ್ದೆ, ಆಗ ತಾನೇ ಬಂದಿಳಿದಿದ್ದೆ, ಹೆಗಲಿನಿಂದ ಬ್ಯಾಗೂ ಇಳಿಸಿರಲಿಲ್ಲ. ನಾನು ಏನಂದೆ? "ಏನ್ ಮಹಾರಾಣಿ, ಇದೂ ಭಾರ ಆಯ್ತಾ? ಕೂತಲ್ಲಿಗೇ ಎಲ್ಲ ಬರ್ಬೇಕಾ?" ಅಂದೆ.

ಅವಳು ನಕ್ಕಳು. ನೀನೂ ನಕ್ಕೆ.

ಮಗಳೇ, ಮೂವತ್ತೊಂದು ವರ್ಷ ನಿಲ್ದಾಣದ ಕೌಂಟರಿನಲ್ಲಿ ಕೂತು ಜನರನ್ನು ನಗಿಸಿದವನು ನಾನು. ಬಸ್ ಮೂರು ಗಂಟೆ ತಡ ಎಂದು ಹೇಳಿಯೂ ನಗಿಸಿದವನು. ಆ ದಿನ ನನ್ನ ಮಾತಿಗೆ ಚೆನ್ನಾಗಿ ನಕ್ಕರು ಎಂದು ಹಿಗ್ಗಿಕೊಂಡು ಶೆಲ್ಫ್ ಇಟ್ಟು ವಾಪಸ್ ಗೇಟಿಗೆ ಹೋದೆ. ಕಥೆ ಇನ್ನೂ ಬಾಕಿ ಇತ್ತು.

ನೀನು ಒಂದು ಮಾತು ಹೇಳಬಹುದಿತ್ತು. ಕಾಯಿಲೆ ಅಂತ ಹೇಳುವುದು ಬೇಡ. "ಅಪ್ಪಾ, ಹಾಗನ್ಬೇಡಿ" ಅಂದಿದ್ದರೆ ಸಾಕಿತ್ತು. ನನ್ನನ್ನು ಬೈದಿದ್ದರೂ ಆಗುತ್ತಿತ್ತು. ಈಗ ಆ ಮಾತನ್ನು ನಾನು ಯಾರ ಹತ್ತಿರ ವಾಪಸ್ ತೆಗೆದುಕೊಳ್ಳಲಿ?

ಇನ್ನೊಂದು. ಆಗಸ್ಟಿನಲ್ಲಿ ನನ್ನನ್ನು ನಿವೃತ್ತರ ಸಂಘದವರ ಜೊತೆ ಒಂಬತ್ತು ದಿನ ಪ್ರವಾಸಕ್ಕೆ ಕಳಿಸಿದಿರಿ. ಟಿಕೆಟ್ ತೆಗೆದವಳು ನೀನು, ಬ್ಯಾಗ್ ತುಂಬಿದವಳು ಅವಳು. "ಹೋಗಿ ಬನ್ರೀ, ಸಮುದ್ರ ನೋಡಿ ಬನ್ನಿ, ಮನೇಲಿದ್ದು ಏನ್ ಮಾಡ್ತೀರಿ?" ಅಂದಳು. ನಾನು ಕುಣಿದುಕೊಂಡು ಹೋದೆ. ಅವಳಿಗೆ ಉಳಿದಿದ್ದದ್ದೇ ಮೂರು ತಿಂಗಳು. ಅದರಲ್ಲಿ ಒಂಬತ್ತು ದಿನ ನನ್ನಿಂದ ತೆಗೆದುಕೊಂಡಿರಿ. ನೋಟ್‌ಬುಕ್ಕಿನಲ್ಲಿ ನೋಡಿದೆ: ಹನ್ನೊಂದಕ್ಕೆ ನಾನು ಬಸ್ ಹತ್ತಿದ್ದು, ಅದೇ ಮಧ್ಯಾಹ್ನ ಹದಿನಾಲ್ಕು ಬಟ್ಟಲು ಮಾಡಿದ್ದು. ಹತ್ತೊಂಬತ್ತಕ್ಕೆ ಸುಟ್ಟದ್ದು. ಇಪ್ಪತ್ತಕ್ಕೆ ನಾನು ಮಂಡಿವರೆಗೆ ಮರಳು ಮೆತ್ತಿಕೊಂಡು ಬಂದು ಡಾಲ್ಫಿನ್ ಕಥೆ ಹೇಳಿದ್ದು.

ನನ್ನನ್ನು ಹೊರಗೆ ಕಳಿಸಿ ಮಾಡಿದ ಬಟ್ಟಲುಗಳು ಇವು. ನಾನು ಇವಕ್ಕೆ ಗ್ಲೇಜ್ ಹಚ್ಚಬೇಕು ಅಂತ ಜೂನಿನಿಂದ ಪಾಠ ಕಲಿಯುತ್ತಿದ್ದೇನೆ.

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವಂತೆ. ನೀನಿನ್ನೂ ಹುಟ್ಟಿರಲಿಲ್ಲ, ಆಗ ಒಂದು ಬಸ್ ಸೇತುವೆಯಿಂದ ಬಿದ್ದಿತು. ಸುದ್ದಿ ಮೊದಲು ಬಂದದ್ದು ನನ್ನ ಕೌಂಟರಿಗೆ. ಆ ಬಸ್ಸಿಗೆ ಕಾದುಕೊಂಡು ಹನ್ನೊಂದು ಮನೆಯವರು ಹೊರಗೆ ನಿಂತಿದ್ದರು. ನಾನು ಮೈಕ್ ಆರಿಸಿದೆ. ಹೊರಗೆ ಬಂದು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ಕೂರಿಸಿ, ನೀರು ಕೊಟ್ಟು ಹೇಳಿದೆ. ಹನ್ನೊಂದನೆಯವರಿಗೆ ಹೇಳುವವರೆಗೆ ಎರಡು ಗಂಟೆ ಹಿಡಿಯಿತು. ಅಲ್ಲಿಯವರೆಗೆ ಬೇರೆ ಯಾರೂ ನನ್ನ ಮುಖ ನೋಡಿ ಕಂಡುಹಿಡಿಯಲಿಲ್ಲ. ಮನೆಗೆ ಬಂದು ನಿಮ್ಮಮ್ಮನ ಮಡಿಲಲ್ಲಿ ತಲೆ ಇಟ್ಟು ಅತ್ತೆ. ಅವಳಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಹಾಗಂದಳು.

ಕನ್ಸೀಲ್‌ಮೆಂಟ್ ಆಫ್ ಫ್ಯಾಕ್ಟ್ಸ್ ಎಂದು ನಮ್ಮ ಆಫೀಸಿನಲ್ಲಿ ಒಂದು ಚಾರ್ಜು ಇತ್ತು. ಅದಕ್ಕೆ ಏನು ಶಿಕ್ಷೆ ಅನ್ನುವುದು ನೆನಪಿಗೆ ಬರುತ್ತಿಲ್ಲ.

ಅವಳನ್ನು ಕೇಳೋಣ ಅಂದರೆ ಇಲ್ಲ. ನೀನಿದ್ದೀಯ. ಅದಕ್ಕೇ ನಿನಗೆ ಬರೆದಿದ್ದೇನೆ.

ಅಪ್ಪ

ಸೆಪ್ಟೆಂಬರ್ ೧೨

ಅಪ್ಪಾ,

ಆ ಭಾನುವಾರ ನೆನಪಿದೆ. ನಕ್ಕದ್ದೂ ನೆನಪಿದೆ. ಅಮ್ಮ ನಕ್ಕಳು, ಅದಕ್ಕೆ ನಾನೂ ನಕ್ಕೆ. ನೀವು ಹೊರಗೆ ಹೋದ ಮೇಲೆ "ನೋಡು, ಅವರಿಗೆ ಸಂಶಯವೇ ಬಂದಿಲ್ಲ" ಅಂದಳು. ಖುಷಿಯಿಂದಲೇ ಅಂದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ.

ಸೇತುವೆಯ ವಿಷಯ ನನಗೆ ಗೊತ್ತಿರಲಿಲ್ಲ. ಅಮ್ಮ ಹೇಳಿರಲಿಲ್ಲ, ನೀವೂ ಹೇಳಿರಲಿಲ್ಲ. ಅಷ್ಟು ಕಥೆ ಹೇಳಿದ್ದೀರಿ, ಅದೊಂದನ್ನು ಬಿಟ್ಟು.

ಏನನ್ನೂ ತಿದ್ದಿ ಹೇಳುವುದಿಲ್ಲ ಅಂದಿದ್ದೆ. ಹಾಗಾದರೆ ಇದನ್ನೂ ಹೇಳಬೇಕು. "ಇವಕ್ಕೆ ಅಪ್ಪನೇ ಹಚ್ಚಲಿ" ಅಂತ ಅಮ್ಮ ಹೇಳಿರಲಿಲ್ಲ. ಬಟ್ಟಲುಗಳ ಬಗ್ಗೆ ಅವಳು ಏನೂ ಹೇಳಲಿಲ್ಲ. ಹಚ್ಚಬೇಕು ಅಂತಿದ್ದಳು, ಕೈ ಬರಲಿಲ್ಲ, ಅಷ್ಟೆ. ಅವಳು ಹೋದ ಮೇಲೆ ನೀವು ಬೆಳಗಿನಿಂದ ಸಂಜೆವರೆಗೆ ಗೇಟಿನ ಹತ್ತಿರ ಸುಮ್ಮನೆ ನಿಂತಿರುತ್ತೀರಿ, ಟೈಲರ್ ಮಾತಾಡಿಸಿದರೂ ಮಾತಾಡುವುದಿಲ್ಲ ಅಂತ ಅವರೇ ನನಗೆ ಫೋನ್ ಮಾಡಿದರು. ನನಗೆ ಭಯವಾಯಿತು. ಏನಾದರೂ ಒಂದು ಕೆಲಸ ಬೇಕು ಅಂತ ಅಮ್ಮನ ಬಾಯಿಗೆ ಆ ಮಾತು ಹಾಕಿದೆ.

ಬಟ್ಟಲುಗಳನ್ನು ಸಿಟ್ಟಿನಲ್ಲಿ ಏನೂ ಮಾಡಬೇಡಿ. ಅಕ್ಟೋಬರ್ ನಾಲ್ಕಕ್ಕೆ ರಜೆ ಹಾಕಿದ್ದೇನೆ. ಬರುತ್ತೇನೆ, ಇಬ್ಬರೂ ಸೇರಿ ಹಚ್ಚೋಣ. ಬೇಡ ಅಂದರೆ ಬರುವುದಿಲ್ಲ. ಏನಾದರೂ ಬರೆಯಿರಿ.

ಗುಬ್ಬಿ

ಸೆಪ್ಟೆಂಬರ್ ೧೯

ಬೇಡ.

ಅಪ್ಪ

ಅಕ್ಟೋಬರ್ ೧೫

ಅಪ್ಪಾ,

ಇದು ಮೂರನೆಯ ಪತ್ರ. ಟೈಲರ್ ಅಂಕಲ್‌ಗೆ ಫೋನ್ ಮಾಡಿದ್ದೆ. ಭಟ್ಟಿ ಹಾಕಿದ್ದರು, ಹೊರಗೆ ಗಾಳಿಕೊಳವೆಯಲ್ಲಿ ಬಿಸಿಗಾಳಿ ಬರುತ್ತಿತ್ತು ಅಂದರು. "ನಿಮ್ಮಪ್ಪ ಏನೂ ಹೇಳ್ಲಿಲ್ಲಮ್ಮ, ಹುಷಾರಿದ್ದಾರೆ ತಾನೇ?" ಅಂತ ನನ್ನನ್ನೇ ಕೇಳಿದರು.

ಅಮ್ಮನ ಬಟ್ಟಲುಗಳಾ? ಯಾವ ಬಕೆಟ್ಟಿನದು ಹಚ್ಚಿದಿರಿ? ಅಂಟಲಿಲ್ಲ ತಾನೇ? ಯಾವ ಬಣ್ಣ ಬಂತು, ಅದೊಂದನ್ನಾದರೂ ಹೇಳಿ. ಒಂದೇ ಸಾಲು ಸಾಕು.

ಗುಬ್ಬಿ

ಅಕ್ಟೋಬರ್ ೨೧

ಮಗಳೇ,

ನಿನ್ನ ಮೂರೂ ಪತ್ರ ಬಂದಿವೆ. ನೀನು ಕಲಿಸಿದ ಪಾಠಕ್ಕೆ ವರದಿ ಒಪ್ಪಿಸುವುದು ವಿದ್ಯಾರ್ಥಿಯ ಕರ್ತವ್ಯ. ಅದಕ್ಕೆ ಬರೆಯುತ್ತಿದ್ದೇನೆ.

ಹೌದು, ಅವೇ ಬಟ್ಟಲುಗಳು. ಅವಳು ಹೇಳಿರಲಿಲ್ಲ ಅಂತ ತಿಳಿದ ಮೇಲೆ ಎರಡು ವಾರ ಆ ಕೋಣೆಗೆ ಹೋಗಲಿಲ್ಲ. ಯಾರೂ ಕೇಳದ ಕೆಲಸವನ್ನು ಯಾರಿಗಾಗಿ ಮಾಡುವುದು? ಆಮೇಲೆ ಒಂದು ಬೆಳಿಗ್ಗೆ ಎದ್ದವನು ಟೀ ಸಹ ಕುಡಿಯದೆ ಅಲ್ಲಿಗೆ ಹೋದೆ. ಯಾರೂ ಹೇಳಿರಲಿಲ್ಲ. ಹಾಗೆ ನಾನು ಏನನ್ನಾದರೂ ಮಾಡಿದ್ದು ಈ ಎರಡು ವರ್ಷದಲ್ಲಿ ಅದೇ ಮೊದಲು ಅನಿಸುತ್ತದೆ.

ಹದಿನಾಲ್ಕನ್ನೂ ಒದ್ದೆ ಸ್ಪಂಜಿನಲ್ಲಿ ಒರೆಸಿ ಒಂದು ದಿನ ಒಣಗಿಸಿದೆ. ಒಳಗಡೆ ಅವಳ ಬೆರಳಿನ ಸುತ್ತುಗಳಿವೆ. ಏಳು ಬಟ್ಟಲುಗಳಲ್ಲಿ ಸುತ್ತು ಸಮವಾಗಿದೆ. ಉಳಿದ ಏಳರಲ್ಲಿ ನಡುವೆ ನಿಂತು ಮತ್ತೆ ಶುರುವಾಗಿದೆ, ಕೈ ಕೆಳಗಿಳಿಸಿದ ಜಾಗ ಅದು. ನೀನು ಹೇಳದಿದ್ದರೆ ನನಗೆ ಅದು ತಿಳಿಯುತ್ತಿರಲಿಲ್ಲ. ಅದಕ್ಕೆ ನಿನಗೆ ಥ್ಯಾಂಕ್ಸ್ ಹೇಳಬೇಕೋ ಏನೋ.

ಅದ್ದಿದೆ. ಮೂರು ಎಣಿಸಿದೆ. ತಳ ಒರೆಸಿ ಪೇಪರಿನ ಮೇಲೆ ಇಟ್ಟೆ. ಶೆಲ್ಫಿಗೆ ಲೇಪ ಬಳಿದೆ, ಅದನ್ನು ಒಬ್ಬನೇ ಇಳಿಸಿದೆ. ಸೊಂಟ ಏನಾಯಿತು ಅಂತ ಕೇಳಬೇಡ. ಒಂದು ಶೆಲ್ಫಿಗೆ ಏಳು, ನಡುವೆ ಒಂದೊಂದು ಬೆರಳು. ಬೆಳಿಗ್ಗೆ ಆರಕ್ಕೆ ಹಾಕಿದೆ, ಮಧ್ಯಾಹ್ನ ಮೂರೂವರೆಗೆ ಕಿಂಡಿಯಲ್ಲಿ ನೋಡಿದರೆ ಕೋನ್ ತಲೆ ಬಾಗಿಸಿ ನೆಲ ಮುಟ್ಟಿತ್ತು. ಆರಿಸಿದೆ. ಏಪ್ರಿಲ್ ಇಪ್ಪತ್ತರ ಲೆಕ್ಕವನ್ನೇ ಅನುಸರಿಸಿದೆ. ನೋಟ್‌ಬುಕ್ಕಿನಲ್ಲಿ ನಿನ್ನ ಅಕ್ಷರದ ಕೆಳಗೆ ಈಗ ನನ್ನ ಅಕ್ಷರ ಇದೆ.

ಮಾರನೆಯ ದಿನ ಮುಚ್ಚಳ ಮುಟ್ಟಲಿಲ್ಲ. ಅದರ ಮಾರನೆಯ ದಿನ ಮೀಟರಿನಲ್ಲಿ ಮೂವತ್ತೆಂಟು ಆದ ಮೇಲೆ ತೆಗೆದೆ. ಒಂದೂ ಅಂಟಿಲ್ಲ. ಒಂದೂ ಬಿರುಕು ಬಿಟ್ಟಿಲ್ಲ. ನೋಡಿದೆ. ತುಂಬ ಹೊತ್ತು ನೋಡಿದೆ. ಆಮೇಲೆ ಬಾಗಿಲಿಗೆ ಬೀಗ ಹಾಕಿ ಗೇಟಿಗೆ ಬಂದೆ.

ಟೈಲರ್ ಕೇಳಿದ. "ಹೇಗ್ ಬಂತು ಸಾರ್, ಯಾವ ಬಣ್ಣ?" ಬಟ್ಟೆಗೆ ಅಳತೆ ತೆಗೆಯುವವನ ಹಾಗೆ ನನ್ನ ಮುಖ ನೋಡುತ್ತಿದ್ದ. ಹಾಲಿನವನು ಕೇಳಿದ. ಔಷಧದ ಅಂಗಡಿಯವನು ಕೇಳಿದ. ಹೇಳಲಿಲ್ಲ. ಮೊದಲ ದಿನ ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ನಾಲಿಗೆ ತುದಿಗೆ ಬರುತ್ತಿತ್ತು, ನುಂಗುತ್ತಿದ್ದೆ. ಈಗ ಹನ್ನೆರಡು ದಿನವಾಯಿತು. ನಿಲ್ಲುತ್ತದೆ ಮಗಳೇ, ನನ್ನ ಹೊಟ್ಟೆಯಲ್ಲೂ ನಿಲ್ಲುತ್ತದೆ. ಅವಳು ಒಂದು ಸಲ ಪರೀಕ್ಷೆ ಮಾಡಿ ನೋಡಬಹುದಿತ್ತು.

ನಿನ್ನ ಮೇಲೆ ಸಿಟ್ಟು ಇಳಿದಿದೆಯಾ ಅಂತ ಕೇಳಿದರೆ, ಇಳಿದಿಲ್ಲ. ಮೀಟರ್ ನೋಡಿಕೊಂಡು ಹೇಳುವ ಹಾಗಿದ್ದರೆ ಹೇಳುತ್ತಿದ್ದೆ. ಆದರೆ ನೀನು ಬರಬೇಡ ಅಂತ ನಾನು ಇನ್ನು ಮೇಲೆ ಬರೆಯುವುದಿಲ್ಲ. ಬಾ. ನಿನ್ನ ಕೋಣೆಯ ಹಾಸಿಗೆ ಬಿಸಿಲಿಗೆ ಹಾಕಿ ಇಟ್ಟಿರುತ್ತೇನೆ. ಊಟ ಮಾಡೋಣ. ಬೇಕಾದರೆ ಒಬ್ಬ ಕಂಡಕ್ಟರ್ ಕಥೆಯೂ ಹೇಳುತ್ತೇನೆ, ನಗಬೇಕು ಅನಿಸಿದರೆ ನಗು, ಅನಿಸದಿದ್ದರೆ ಬೇಡ.

ಬಟ್ಟಲು ಯಾವ ಬಣ್ಣ ಬಂತು ಅನ್ನುವುದನ್ನು ಮಾತ್ರ ಎಂಟು ತಿಂಗಳಾದ ಮೇಲೆ ಹೇಳುತ್ತೇನೆ. ಅಲ್ಲಿಯವರೆಗೆ ಹಿಂದಿನ ಕೋಣೆಯ ಬೀಗದ ಕೈ ಕೇಳಬೇಡ.

ಅಪ್ಪ